ದೋಆಬ್ ಗೆದ್ದ ಮೇಲೆ ಏನು? ಯೂರೋಪಾ ಯೂನಿವರ್ಸಾಲಿಸ್ 4ರಲ್ಲಿ ವಿಜಯನಗರ ಆಡುವವರಿಗೆ

ಗಂಗಾವತಿಯಿಂದ ಸಿಂಧನೂರು, ಸಿಂಧನೂರಿನಿಂದ ರಾಯಚೂರು ಅಂತ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಾಚೆ ಕಾಣುತ್ತದಲ್ಲ ಭತ್ತದ ಬಯಲು, ಆ ನೆಲಕ್ಕಾಗಿ ಎರಡು ಶತಮಾನ ಬಡಿದಾಟ ನಡೆದಿದೆ. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ರಾಯಚೂರು ದೋಆಬ್, ಶಾಸನಗಳ ಎಡೆದೊರೆ ನಾಡು. ವಿಜಯನಗರದವರು ಗೆಲ್ಲುವುದು, ಬಹಮನಿಗಳು ಕಿತ್ತುಕೊಳ್ಳುವುದು, ಮತ್ತೆ ಇವರು ದಂಡೆತ್ತಿ ಹೋಗುವುದು. ಮುದಗಲ್ಲು ಮತ್ತು ರಾಯಚೂರಿನ ಕೋಟೆಗಳು ಎಷ್ಟು ಸಲ ಕೈ ಬದಲಿಸಿದವು ಎಂದು ಲೆಕ್ಕ ಹಾಕಲು ಹೊರಟರೆ ತಲೆ ತಿರುಗುತ್ತದೆ.

ಈ ಜಗಳವನ್ನು ನೀವೇ ಕೈಗೆತ್ತಿಕೊಳ್ಳಲು ಒಂದು ಕಂಪ್ಯೂಟರ್ ಗೇಮ್ ಇದೆ. ಸ್ಟಾಕ್‌ಹೋಮ್‌ನ ಪ್ಯಾರಡಾಕ್ಸ್ ಕಂಪನಿ 2013ರ ಆಗಸ್ಟ್‌ನಲ್ಲಿ ಹೊರತಂದ ಯೂರೋಪಾ ಯೂನಿವರ್ಸಾಲಿಸ್ 4. ಆಡುವವರು ಇಯು4 ಎನ್ನುತ್ತಾರೆ. ಹೆಸರಿನಲ್ಲಿ ಯೂರೋಪ್ ಇದ್ದರೂ ಭೂಪಟ ಇಡೀ ಜಗತ್ತಿನದು, ಅದರಲ್ಲಿ ಹಂಪಿಯೂ ಇದೆ, ಬೀದರೂ ಇದೆ. ಹಾಸ್ಟೆಲಿನಲ್ಲಿ ಏಜ್ ಆಫ್ ಎಂಪೈರ್ಸ್ ಆಡಿ ಬಂದವರು ಒಂದು ಮಾತು ಗಮನದಲ್ಲಿಡಿ: ಇಲ್ಲಿ ಮರ ಕಡಿಯುವ ಹಳ್ಳಿಗರಿಲ್ಲ, ಇಪ್ಪತ್ತು ನಿಮಿಷದಲ್ಲಿ ಮುಗಿಯುವ ಕಾಳಗವಿಲ್ಲ. ಶುರುವಾಗುವಾಗಲೇ ನಿಮ್ಮ ಕೈಯಲ್ಲಿ ಪೂರ್ತಿ ರಾಜ್ಯ ಇರುತ್ತದೆ. 1444ರ ನವೆಂಬರ್ 11ರಿಂದ 1821ರ ತನಕ ದಿನಗಳು ಒಂದೊಂದಾಗಿ ಉರುಳುತ್ತವೆ. ಇಂಥದ್ದನ್ನು ಮಾಡಿದರೆ ಗೆದ್ದಿರಿ ಎಂಬ ಗುರಿಯೂ ಇಲ್ಲ. ಅಂಕಪಟ್ಟಿ ಒಂದಿದೆ, ಅದನ್ನು ಯಾರೂ ನೋಡುವುದಿಲ್ಲ.

ಆ ತಾರೀಖು ಆರಿಸಿದ್ದು ನಮಗಾಗಿ ಅಲ್ಲ. ಹಿಂದಿನ ದಿನ ಬಲ್ಗೇರಿಯಾದ ವಾರ್ನಾದಲ್ಲಿ ಆಟೋಮನ್ನರು ಹಂಗೇರಿ–ಪೋಲೆಂಡಿನ ದೊರೆಯನ್ನು ಸೋಲಿಸಿದ್ದರು, ಅದಕ್ಕೆ ಅಲ್ಲಿಂದ ಆರಂಭ. ಆದರೆ ನಮ್ಮ ಕಡೆಗೂ ಅದು ಒಳ್ಳೆಯ ಮುಹೂರ್ತವೇ. ಗದ್ದುಗೆಯ ಮೇಲೆ ಇಮ್ಮಡಿ ದೇವರಾಯ. ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಹಿಂದಿನ ವರ್ಷವಷ್ಟೇ ರಾಜಧಾನಿ ನೋಡಿ ಬೆರಗಾಗಿ ಹೋಗಿದ್ದಾನೆ. ದೋಆಬ್‌ಗಾಗಿ ಬಹಮನಿಗಳೊಂದಿಗೆ ಇನ್ನೊಂದು ಯುದ್ಧವೂ ಅದೇ ವರ್ಷ ಆಗಿ ಹೋಗಿದೆ.

ಕೊಳ್ಳುವ ಮುಂಚೆ

ಮೂಲ ಗೇಮ್ ರಿಯಾಯಿತಿ ದಿನಗಳಲ್ಲಿ ಅಗ್ಗಕ್ಕೆ ಸಿಗುತ್ತದೆ. ಜೇಬು ಸುಡುವುದು ಅದರ ಮೇಲೆ ಹೇರಿರುವ ಡಿಎಲ್‌ಸಿಗಳ, ಅಂದರೆ ಬೇರೆಯಾಗಿ ಮಾರುವ ಹೆಚ್ಚುವರಿ ಕಂತುಗಳ ರಾಶಿ. ಎಲ್ಲವನ್ನೂ ಕೊಳ್ಳಬೇಡಿ. ತಿಂಗಳ ಚಂದಾ ಕಟ್ಟಿ ಎಲ್ಲ ಡಿಎಲ್‌ಸಿ ಬಳಸುವ ವ್ಯವಸ್ಥೆ ಇದೆ. ರಜೆಯ ತಿಂಗಳು ನೋಡಿ ಕಟ್ಟಿದರೆ ಸಾಕು. ಗೆಳೆಯರು ಕೂಡಿ ಆಡುವುದಾದರೆ ಹೋಸ್ಟ್ ಮಾಡುವವನ ಹತ್ತಿರ ಡಿಎಲ್‌ಸಿ ಇದ್ದರೆ ಉಳಿದವರಿಗೂ ಅವು ದಕ್ಕುತ್ತವೆ. ಒಂದೇ ಒಂದು ಕೊಳ್ಳುವುದಾದರೆ ಭಾರತದ ಮೇಲೆ ಗಮನವಿಟ್ಟು 2018ರಲ್ಲಿ ಬಂದ 'ಧರ್ಮ' ಕೊಳ್ಳಿ.

ಗ್ರಾಫಿಕ್ಸ್ ಕಾರ್ಡ್‌ಗೆ ಹಣ ಹಾಕುವ ಅಗತ್ಯವಿಲ್ಲ, ಇದು ಪ್ರೊಸೆಸರ್ ತಿನ್ನುವ ಆಟ. ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ, 1700 ದಾಟಿದ ಮೇಲೆ ಮಾತ್ರ ತೆವಳುತ್ತದೆ. ಅಷ್ಟು ದೂರ ಹೆಚ್ಚಿನವರು ಹೋಗುವುದೇ ಇಲ್ಲ ಬಿಡಿ. ಶುರುವಿನಲ್ಲಿ ಐರನ್‌ಮ್ಯಾನ್ ಗುರುತು ಹಾಕಬೇಡಿ. ಅದನ್ನು ಹಾಕಿದರೆ ಸೇವ್ ಒಂದೇ, ಹಿಂದಕ್ಕೆ ಹೋಗಿ ತಿದ್ದಲು ಬರುವುದಿಲ್ಲ. ನಮ್ಮೂರುಗಳಲ್ಲಿ ಕರೆಂಟ್ ಹೇಳಿ ಕೇಳಿ ಹೋಗುವುದಿಲ್ಲವಾದ್ದರಿಂದ ಆಟೋಸೇವ್ ಪದೇ ಪದೇ ಆಗುವ ಹಾಗೆ ಹೊಂದಿಸಿಕೊಳ್ಳಿ.

ಮೊದಲ ದಿನ: ಸ್ಪೇಸ್ ಬಾರ್ ಮುಟ್ಟಬೇಡಿ

ಆಟ ತೆರೆದಾಗ ಗಡಿಯಾರ ನಿಂತಿರುತ್ತದೆ. ಸ್ಪೇಸ್ ಒತ್ತಿದರೆ ಓಡುತ್ತದೆ, ಇನ್ನೊಮ್ಮೆ ಒತ್ತಿದರೆ ನಿಲ್ಲುತ್ತದೆ. ವೇಗ 1ರಿಂದ 5. ಹೊಸಬರು ಮೊದಲು ಮಾಡುವುದೇ ಸ್ಪೇಸ್ ಒತ್ತುವುದು. ಬೇಡ. ಈ ಆಟದಲ್ಲಿ ಕೆಲಸವೆಲ್ಲ ಗಡಿಯಾರ ನಿಂತಾಗಲೇ ಆಗುವುದು. ಮೊದಲ ದಿನದ ಮೇಲೇ ಅರ್ಧ ತಾಸು ಕೂರಿ.

ಭೂಪ್ರದೇಶದ ಮ್ಯಾಪ್ ಮೋಡ್ ಹಾಕಿ ದೋಆಬ್ ಮೇಲೆ ಬನ್ನಿ. ನದಿ ಎಲ್ಲಿದೆ, ಗುಡ್ಡ ಎಲ್ಲಿದೆ, ಕೋಟೆಯ ಗುರುತು ಎಲ್ಲಿದೆ ನೋಡಿಕೊಳ್ಳಿ. ನೀಲಿ ಗೆರೆಯಾಗಿ ಕಾಣುವ ಆ ನದಿಗಳು ಬರೀ ಚಂದಕ್ಕೆ ಬಿಡಿಸಿದ್ದಲ್ಲ, ಯುದ್ಧದ ಮಾತು ಬಂದಾಗ ಹೇಳುತ್ತೇನೆ. ಆಮೇಲೆ ನೆರೆಯವರನ್ನು ಒಬ್ಬೊಬ್ಬರನ್ನಾಗಿ ಒತ್ತಿ ನೋಡಿ. ಉತ್ತರಕ್ಕೆ ಬಹಮನಿ, ಈಶಾನ್ಯಕ್ಕೆ ಒರಿಸ್ಸಾದ ಗಜಪತಿಗಳು, ದಕ್ಷಿಣ ತುದಿಯಲ್ಲಿ ಕಲ್ಲಿಕೋಟೆ, ಕೊಚ್ಚಿ, ವೇಣಾಡು. ಬಹಮನಿಯ ಬೆನ್ನ ಹಿಂದೆ ಮಾಳ್ವ, ಗುಜರಾತ್.

ಮೂರು ರಾಜ್ಯಗಳನ್ನು ಎದುರಾಳಿ ಎಂದು ಘೋಷಿಸುವ ಅವಕಾಶ ಇದೆ. ಬಹಮನಿ ಅದರಲ್ಲಿ ಇರಲೇಬೇಕು, ಹೇಗೂ ಅವರು ನಿಮ್ಮನ್ನು ಹಾಗೇ ಬರೆದುಕೊಂಡಿರುತ್ತಾರೆ. ಅದಾದ ಮೇಲೆ ನಿಮ್ಮ ಎದುರಾಳಿಯನ್ನು ಕಂಡರೆ ಆಗದವರು ಯಾರು ಎಂದು ಹುಡುಕಿ, ಅವರಿಗೆ ಮೈತ್ರಿ ಕಳಿಸಿ. ಧರ್ಮ ಬೇರೆ ಎಂದು ಹಿಂಜರಿಯಬೇಡಿ. ಬೇರೆ ಧರ್ಮದವನೆಂಬ ಕಾರಣಕ್ಕೆ ಒಂದಷ್ಟು ಅಂಕ ಕಡಿಮೆಯಾದೀತು, ಶತ್ರುವಿನ ಶತ್ರು ಎಂಬುದು ಅದನ್ನು ತುಂಬಿಕೊಡುತ್ತದೆ. ಇತಿಹಾಸವೂ ಹಾಗೇ ಇತ್ತು. ಇದೇ ಇಮ್ಮಡಿ ದೇವರಾಯ ತನ್ನ ಸೈನ್ಯಕ್ಕೆ ಮುಸ್ಲಿಂ ಬಿಲ್ಲುಗಾರರನ್ನು ಸೇರಿಸಿಕೊಂಡಿದ್ದ. ನೂರು ವರ್ಷದ ನಂತರ ಅಳಿಯ ರಾಮರಾಯ ಒಬ್ಬ ಸುಲ್ತಾನನ ಜೊತೆ ಕೂಡಿ ಇನ್ನೊಬ್ಬನ ಮೇಲೆ ಹೋಗುತ್ತಿದ್ದ.

ಗಡಿಯಾರ ಬಿಡುವ ಮೊದಲು ಇನ್ನೂ ಕೆಲವು ಚಿಲ್ಲರೆ ಕೆಲಸ. ಮೂವರು ಸಲಹೆಗಾರರನ್ನು ನೇಮಿಸಿ, ಮೊದಲ ದರ್ಜೆಯವರೇ ಸಾಕು. ದುಬಾರಿಯವರಿಗೆ ಸಂಬಳ ಕೊಟ್ಟು ಬೊಕ್ಕಸ ಬರಿದು ಮಾಡಿಕೊಳ್ಳಬೇಡಿ. ಎಸ್ಟೇಟ್, ಅಂದರೆ ರಾಜ್ಯದ ಪ್ರಬಲ ವರ್ಗಗಳ ಪುಟಕ್ಕೆ ಹೋಗಿ, ತಿಂಗಳಿಗೆ ಒಂದು ಅಂಕ (ಅದರ ಮಾತು ಮುಂದಿದೆ) ಹೆಚ್ಚು ಕೊಡುವ ಸವಲತ್ತುಗಳನ್ನು ದಯಪಾಲಿಸಿ. ಹಿಂದೂ ರಾಜನಾದ್ದರಿಂದ ಒಬ್ಬ ಇಷ್ಟದೈವವನ್ನು ಆರಿಸಿಕೊಳ್ಳಬಹುದು: ಶಿವ, ವಿಷ್ಣು, ಶಕ್ತಿ, ಗಣೇಶ, ಗಂಗೆ, ಸೂರ್ಯ. ವಿರೂಪಾಕ್ಷನ ಊರಿನವರು ಶಿವನನ್ನೇ ಒತ್ತುತ್ತಾರೆ ಎಂದು ಗೊತ್ತು. ಆದರೂ ಪ್ರತಿಯೊಂದರ ಮೇಲೆ ಮೌಸ್ ಇಟ್ಟು ಲಾಭ ಓದಿಕೊಂಡು ಒತ್ತಿ. ಮೌಸ್ ಇಟ್ಟು ಓದುವುದು ಈ ಆಟದ ಅಕ್ಷರಾಭ್ಯಾಸ. ಯಾವ ಅಂಕಿಯ ಮೇಲೆ ಇಟ್ಟರೂ ಅದು ಎಲ್ಲಿಂದ ಬಂತೆಂದು ಜಾತಕ ಬಿಚ್ಚಿಡುತ್ತದೆ.

ಮೂರು ಬಗೆಯ ಅಂಕ

ಪರದೆಯ ಮೇಲ್ಭಾಗದಲ್ಲಿ ಮೂರು ಸಂಖ್ಯೆಗಳಿವೆ: ಆಡಳಿತ, ರಾಜತಂತ್ರ, ಸೈನ್ಯ. ಆಡುವವರ ಬಾಯಲ್ಲಿ ಇದು ಮಾನಾ. ಪ್ರತಿ ತಿಂಗಳು ಪ್ರತಿಯೊಂದಕ್ಕೂ 3 ಅಂಕ ಬಂದೇ ಬರುತ್ತದೆ. ಅದಕ್ಕೆ ರಾಜನ ಸ್ವಂತ ಸಾಮರ್ಥ್ಯ 0ರಿಂದ 6, ಸಲಹೆಗಾರನ ದರ್ಜೆ 1ರಿಂದ 5 ಸೇರುತ್ತದೆ. ಹೊಸ ತಂತ್ರಜ್ಞಾನ, ರಾಜ್ಯದ ಸ್ಥಿರತೆ, ಗೆದ್ದ ನೆಲವನ್ನು ಸ್ವಂತ ಮಾಡಿಕೊಳ್ಳುವುದು, ಊರು ಬೆಳೆಸುವುದು, ಎಲ್ಲಕ್ಕೂ ಖರ್ಚಾಗುವುದು ಇದೇ. ದುಡ್ಡನ್ನು ಸಾಲ ತರಬಹುದು, ಇದನ್ನು ಯಾರೂ ಸಾಲ ಕೊಡುವುದಿಲ್ಲ. 999ರ ಆಚೆ ಕೂಡಿಡಲು ಬರುವುದಿಲ್ಲ, ಅದಕ್ಕೆ ಸೋರಿ ಹೋಗುವ ಮುಂಚೆ ಬಳಸಿ.

ಸೈನ್ಯದ ಅಂಕವನ್ನು ಮೊದಲು 4ನೇ ಸೇನಾ ತಂತ್ರಜ್ಞಾನಕ್ಕೆ ಹಾಕಿ. ಸೈನಿಕರ ಎದೆಗಾರಿಕೆ ಅಲ್ಲಿ ಒಮ್ಮೆಲೇ ಏರುತ್ತದೆ. ಬಹಮನಿಗಳು 3ರಲ್ಲಿದ್ದು ನೀವು 4ರಲ್ಲಿದ್ದರೆ ಸಂಖ್ಯೆಯಲ್ಲಿ ಕಡಿಮೆ ಇದ್ದರೂ ಕಾದಬಹುದು. ತಿರುಗಾಮುರುಗಾ ಆಗಿದ್ದರೆ ಮನೆಯಲ್ಲಿರುವುದೇ ಲೇಸು. ಆಡಳಿತದ ಅಂಕ ಮಾತ್ರ ಜಿಪುಣನ ಹಾಗೆ ಉಳಿಸಿ. ಗೆದ್ದಾದ ಮೇಲೆ ಬೇಕಾಗುವುದು ಅದೇ.

ರಾಜ ಎಂಥವನು ಬರುತ್ತಾನೆ ಎಂಬುದು ದಾಳದ ಆಟ. ನಿಜದಲ್ಲಿ ಇಮ್ಮಡಿ ದೇವರಾಯ 1446ರಲ್ಲೇ ತೀರಿಕೊಂಡ. ಮಲ್ಲಿಕಾರ್ಜುನ ಮತ್ತು ಇಮ್ಮಡಿ ವಿರೂಪಾಕ್ಷನ ಕಾಲದಲ್ಲಿ ಗಜಪತಿಗಳು ಪೂರ್ವ ತೀರವನ್ನು ನುಂಗಿದರು. 1485ರಲ್ಲಿ ಸಾಳುವ ನರಸಿಂಹ ಗದ್ದುಗೆ ಹಿಡಿಯುವ ತನಕ ರಾಜ್ಯ ಇಳಿಜಾರಿನಲ್ಲೇ ಇತ್ತು. ಆಟದಲ್ಲೂ ಒಬ್ಬ ದಡ್ಡ ದೊರೆ ಬಂದರೆ ಮೂವತ್ತು ವರ್ಷ ಅವನನ್ನು ಹೊತ್ತುಕೊಂಡೇ ನಡೆಯಬೇಕು. ವಾರಸುದಾರ ಎಳೆಯವನಿದ್ದು ರಾಜ ತೀರಿಕೊಂಡರೆ ಪ್ರತಿನಿಧಿ ಆಡಳಿತ. ಆ ಅವಧಿಯಲ್ಲಿ ಸಾಮಾನ್ಯವಾಗಿ ನೀವಾಗಿ ಯುದ್ಧ ಸಾರಲು ಬರುವುದಿಲ್ಲ. ಮುದುಕ ರಾಜ, ತೊಟ್ಟಿಲ ಕೂಸು ಎಂಬ ಸ್ಥಿತಿ ಇದ್ದರೆ ಮಾಡುವ ಯುದ್ಧವನ್ನು ಈಗಲೇ ಮಾಡಿ.

ಯಾರ ಮೇಲೆ ಮೊದಲು

ನಮ್ಮ ಭಾಗದವರು ಆಟ ತೆರೆದರೆ ಮೊದಲು ಬಹಮನಿ ಮೇಲೇ ಬೀಳುತ್ತಾರೆ. ರಕ್ತದಲ್ಲೇ ಇದೆ ಅನ್ನಿ. ನನ್ನ ಸಲಹೆ ಬೇರೆ: ಮೊದಲು ತೆಂಕಣಕ್ಕೆ ಹೋಗಿ. ಅಲ್ಲಿಯ ಸಣ್ಣ ರಾಜ್ಯಗಳ ಜೊತೆ ಯಾರು ಬರುತ್ತಾರೆಂದು ಯುದ್ಧ ಸಾರುವ ಪುಟವೇ ತೋರಿಸುತ್ತದೆ. ಯಾರೂ ಬರದವರನ್ನು ಆರಿಸಿ. ಅವರಿಂದ ಬರುವ ತೆರಿಗೆ, ಸೈನಿಕರು, ಮೆಣಸಿನ ತೀರದ ವ್ಯಾಪಾರ, ಇದರ ಬಲದ ಮೇಲೆ ಉತ್ತರಕ್ಕೆ ತಿರುಗಿ.

ಯುದ್ಧಕ್ಕೆ ನೆಪ ಬೇಕು. ನೆಪವಿಲ್ಲದೆ ಸಾರಿದರೆ ಸ್ಥಿರತೆ ಎರಡು ಮೆಟ್ಟಿಲು ಕುಸಿಯುತ್ತದೆ. ಅದು ಏರಿಳಿಯುವುದೇ –3ರಿಂದ +3ರ ನಡುವೆ, ಅಂದರೆ ಎರಡು ಮೆಟ್ಟಿಲು ದೊಡ್ಡ ಪೆಟ್ಟು. ನೆಪ ಹುಟ್ಟಿಸಲು ರಾಜದೂತನನ್ನು ಗೂಢಚಾರ ಜಾಲ ಕಟ್ಟಲು ಕಳಿಸಿ. ಜಾಲ 20 ಮುಟ್ಟಿದ ಮೇಲೆ ಗಡಿಯ ಊರೊಂದರ ಮೇಲೆ ಹಕ್ಕು ಸಾಧಿಸಬಹುದು. ಆಟ ಒಡ್ಡುವ ಸಣ್ಣ ಸಣ್ಣ ಗುರಿಗಳಿರುವ ಮಿಷನ್ ಪುಟವನ್ನೂ ನೋಡುತ್ತಿರಿ, ಒಂದು ಮಿಷನ್ ಮುಗಿಸಿದರೆ ಹಲವು ಊರುಗಳ ಹಕ್ಕು ಬಿಟ್ಟಿಯಾಗಿ ಸಿಗುವುದುಂಟು. ಕಾಲೆಳೆದು ಜಗಳ ತೆಗೆಯುವುದಕ್ಕೆ ನಮ್ಮ ಇತಿಹಾಸವೇನೂ ಕಡಿಮೆಯದ್ದಲ್ಲ. ಪರ್ಷಿಯನ್ ಇತಿಹಾಸಕಾರ ಫೆರಿಷ್ತಾ ಹೇಳುವ ಪ್ರಕಾರ 1406ರಲ್ಲಿ ಒಂದನೇ ದೇವರಾಯ ದೋಆಬ್‌ಗೆ ನುಗ್ಗಿದ್ದು ಮುದಗಲ್ಲಿನ ಅಕ್ಕಸಾಲಿಗನ ಮಗಳಿಗಾಗಿ. ಅದು ಬಹಮನಿ ಸುಲ್ತಾನ ಫಿರೋಜ್ ಶಾಹನ ಜೊತೆಗಿನ ಯುದ್ಧವಾಗಿ ಬೆಳೆದು, ಕಡೆಗೆ ದೇವರಾಯ ತನ್ನ ಮಗಳನ್ನೇ ಸುಲ್ತಾನನಿಗೆ ಕೊಟ್ಟು ಬಂಕಾಪುರವನ್ನೂ ಬಿಟ್ಟುಕೊಡಬೇಕಾಯಿತು. ಈ ಆಟದಲ್ಲಿ ಅಕ್ಕಸಾಲಿಗನ ಮಗಳೆಂಬ ಬಟನ್ ಇಲ್ಲ.

ಬಹಮನಿಗೆ ಹೊಡೆಯುವ ಹೊತ್ತು ಯಾವುದು? ಅವರು ಮಾಳ್ವ ಅಥವಾ ಗುಜರಾತಿನ ಜೊತೆ ಸೆಣಸಿ, ಸೈನಿಕರ ಮೀಸಲು ಬತ್ತಿ, ಸಾಲದಲ್ಲಿ ಮುಳುಗಿದ ಹೊತ್ತು. ಲೆಡ್ಜರ್ ತೆರೆದರೆ ಪ್ರತಿ ರಾಜ್ಯದ ಸೈನ್ಯ, ಮೀಸಲು ಎಲ್ಲ ಕಾಣುತ್ತದೆ. ತಿಂಗಳಿಗೊಮ್ಮೆ ನೋಡುವ ಚಾಳಿ ಬೆಳೆಸಿಕೊಳ್ಳಿ. ಬಿದ್ದವನ ಮೇಲೆ ಬೀಳುವುದು ಮರ್ಯಾದಸ್ಥರ ಕೆಲಸವಲ್ಲ, ಸಾಮ್ರಾಜ್ಯ ಕಟ್ಟುವವರ ಕೆಲಸ.

ಯುದ್ಧ: ಹೊಳೆ, ಕೋಟೆ, ತೋಪು

ಹೊಳೆ ದಾಟಿ ಹೋಗಿ ಹೊಡೆಯುವವನ ದಾಳದಲ್ಲಿ ಒಂದು ಅಂಕ ಕಡಿತ. ಗುಡ್ಡ, ಕಾಡಿದ್ದರೆ ಇನ್ನೊಂದು. ಒಂದು ಅಂಕ ಏನು ಮಹಾ ಎನಿಸಬಹುದು; ದಾಳ ಬೀಳುವುದು 0ರಿಂದ 9ರ ನಡುವೆ, ಮೂರು ದಿನಕ್ಕೊಮ್ಮೆ, ಕಾಳಗ ಮುಗಿಯುವ ತನಕ. ಅದಕ್ಕೇ ನೀವಾಗಿ ಕೃಷ್ಣೆ ದಾಟಬೇಡಿ, ಶತ್ರು ದಾಟಿ ಬರಲಿ. 1520ರ ಮೇನಲ್ಲಿ, ಬಹಮನಿ ರಾಜ್ಯ ಒಡೆದು ಹುಟ್ಟಿದ ಬಿಜಾಪುರದ ಸುಲ್ತಾನ ಇಸ್ಮಾಯಿಲ್ ಆದಿಲ್ ಶಾಹ ಹೊಳೆ ದಾಟಿ ಮಾಡಿದ ತಪ್ಪು ಇದೇ. ಕೃಷ್ಣದೇವರಾಯ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದ್ದಾಗ ಬಿಜಾಪುರದ ಸೈನ್ಯ ಹೊಳೆ ದಾಟಿ ಬಂತು. ಬೆನ್ನ ಹಿಂದೆ ನೀರಿಟ್ಟುಕೊಂಡು ಕಾದಿತು. ಮೊದಲ ಹೊತ್ತಿನಲ್ಲಿ ಅವರ ತೋಪುಗಳು ವಿಜಯನಗರದ ಮುಂಗಾವಲನ್ನು ಚದುರಿಸಿದವು. ಆದರೆ ರಾಯ ಮತ್ತೆ ಏರಿ ಹೋದಾಗ ಹಿಮ್ಮೆಟ್ಟಿದವರಿಗೆ ದಾರಿ ಇರಲಿಲ್ಲ, ಹೊಳೆಯಲ್ಲೇ ಎಷ್ಟೋ ಜನ ಕೊಚ್ಚಿಹೋದರು.

ದೊಡ್ಡ ಸೈನ್ಯವನ್ನು ಒಂದೇ ಊರಿನಲ್ಲಿ ತುಂಬಬೇಡಿ. ಪ್ರತಿ ಊರಿಗೂ ಇಷ್ಟು ಜನರನ್ನು ಸಾಕಬಲ್ಲೆ ಎಂಬ ಮಿತಿ ಇದೆ, ಮೀರಿದರೆ ಹೊಡೆದಾಟವಿಲ್ಲದೆಯೇ ತಿಂಗಳು ತಿಂಗಳೂ ಸೈನಿಕರು ಕರಗುತ್ತಾರೆ. ಬಿಡಿ ಬಿಡಿಯಾಗಿ ನಡೆಸಿ, ಕಾಳಗದ ಊರಿಗೆ ಒಂದೇ ದಿನ ತಲುಪುವಂತೆ ಕೂಡಿಸಿ. ಎದೆಗಾರಿಕೆಯ ಪಟ್ಟಿ ತುಂಬದೆ ಮುಂದೆ ಹೋಗಬೇಡಿ. ಕುದುರೆ ದುಬಾರಿ, ಕಾಲಾಳು ಹೆಚ್ಚಿರಲಿ, ಕುದುರೆ ನಾಲ್ಕಾರು ತುಕಡಿ ಸಾಕು.

ಕೋಟೆ ಈ ಆಟದ ಬೆನ್ನೆಲುಬು. ಒಂದು ಕೋಟೆ ಸುತ್ತಲಿನ ಊರುಗಳನ್ನು ಕಾಯುತ್ತದೆ, ಅದನ್ನು ಕೆಡವದೆ ಆಚೆ ನಡೆಯಲು ಬಿಡುವುದಿಲ್ಲ. ಮುತ್ತಿಗೆಯ ದಾಳ ತಿಂಗಳಿಗೊಂದು ಬೀಳುತ್ತದೆ. ವರ್ಷ ಹಿಡಿದರೂ ಅಚ್ಚರಿಯಿಲ್ಲ. 7ನೇ ಸೇನಾ ತಂತ್ರಜ್ಞಾನಕ್ಕೆ ತೋಪು ಬಂದ ಮೇಲೆ ಕೆಲಸ ಹಗುರ. ರಾಯಚೂರಿನಲ್ಲಿ ರಾಯನಿಗೆ ಒದಗಿ ಬಂದವನು ಪೋರ್ಚುಗೀಸ್ ಕ್ರಿಸ್ಟೋವಾಂವ್ ದ ಫಿಗೆರೆದೊ. ಗೋಡೆಯ ಮೇಲೆ ತಲೆ ಹಾಕಿದ ಕಾವಲಿನವರನ್ನು ಅವನ ಕೋವಿಯವರು ಒಬ್ಬೊಬ್ಬರನ್ನಾಗಿ ಹೊಡೆದುರುಳಿಸಿದರು, ಕೆಳಗೆ ರಾಯನ ಜನ ನಿರಾತಂಕವಾಗಿ ಕಲ್ಲು ಕಿತ್ತರು ಎಂದು ಆ ಕಾಲದ ಪೋರ್ಚುಗೀಸ್ ವ್ಯಾಪಾರಿ ನುನಿಜ್ ಬರೆದಿದ್ದಾನೆ. ಈಗಲೂ ರಾಯಚೂರು ಕೋಟೆಯ ಗೋಡೆಯಲ್ಲಿ 1294ರ ಶಾಸನವಿರುವ ಆ ಉದ್ದನೆಯ ಬಂಡೆಯನ್ನು ನೋಡಿ ಬನ್ನಿ. ಅಂಥ ಕಲ್ಲುಗಳನ್ನು ಜೋಡಿಸಿದ ಗೋಡೆ ಬೀಳಲು ಆಟದಲ್ಲಿ ಅಷ್ಟು ತಿಂಗಳು ಯಾಕೆ ಹಿಡಿಯುತ್ತದೆ ಎಂದು ಗೊತ್ತಾಗುತ್ತದೆ.

ನೀವೇ ಕೋಟೆ ಕಟ್ಟುವುದಾದರೆ ಗುಡ್ಡದ ಊರಿನಲ್ಲಿ, ಹೊಳೆಯ ಈಚೆ ದಡದಲ್ಲಿ ಕಟ್ಟಿ. ಪ್ರತಿ ಕೋಟೆಗೂ ತಿಂಗಳ ಖರ್ಚಿದೆ, ಒಳನಾಡಿನವುಗಳನ್ನು ಶಾಂತಿಕಾಲದಲ್ಲಿ ಮುಚ್ಚಿಡಿ. ಬಳ್ಳಾರಿ ಕೋಟೆ ಕಟ್ಟಿಸಿದ ಮೇಲೆ ಪಕ್ಕದ ಕುಂಬಾರ ಗುಡ್ಡವೇ ಎತ್ತರ ಎಂದು ತಿಳಿದು ಹೈದರಾಲಿ ಫ್ರೆಂಚ್ ಎಂಜಿನಿಯರನನ್ನು ಗಲ್ಲಿಗೇರಿಸಿದನಂತೆ. ಕಥೆ ನಿಜವೋ ಸುಳ್ಳೋ, ಬಳ್ಳಾರಿಯವರು ಹೇಳುವುದನ್ನು ಬಿಟ್ಟಿಲ್ಲ.

ಸಂಧಿ: ಎಲ್ಲರೂ ಎಡವುವ ಜಾಗ

ಕಾಳಗ ಗೆದ್ದಿರಿ, ಕೋಟೆ ಬಿತ್ತು, ಯಾರು ಎಷ್ಟು ಗೆದ್ದರೆಂದು ಅಳೆಯುವ ಯುದ್ಧದ ಅಂಕ ನೂರರ ಹತ್ತಿರ ಬಂತು. ಸಂಧಿಯ ಪುಟ ತೆರೆದರೆ ಬಹಮನಿಯ ಊರುಗಳು ಸಾಲಾಗಿ ನಿಂತಿವೆ. ಎಲ್ಲವನ್ನೂ ಒತ್ತುವ ಆಸೆ ಆಗುತ್ತದೆ. ಇಲ್ಲಿ ಗಡಿಯಾರ ನಿಲ್ಲಿಸಿ.

ನೀವು ಕಿತ್ತುಕೊಳ್ಳುವ ಪ್ರತಿ ಊರಿಗೂ ಸುತ್ತಲಿನ ರಾಜ್ಯಗಳಲ್ಲಿ ನಿಮ್ಮ ಮೇಲೆ ಸಿಟ್ಟು ಹುಟ್ಟುತ್ತದೆ. ಆಡುವವರು ಇದನ್ನು ಎಇ (ಅಗ್ರೆಸಿವ್ ಎಕ್ಸ್‌ಪಾನ್ಷನ್) ಎನ್ನುತ್ತಾರೆ. ಸೋತವನ ಧರ್ಮದವರಿಗೆ, ಹತ್ತಿರದವರಿಗೆ ಇದು ಹೆಚ್ಚು. ಯಾವ ರಾಜ್ಯದಲ್ಲಾದರೂ ಇದು 50 ದಾಟಿ, ನಿಮ್ಮ ಬಗ್ಗೆ ಅವರ ಅಭಿಪ್ರಾಯವೂ ಕೆಟ್ಟಿದ್ದರೆ ಅವರು ನಿಮ್ಮ ವಿರುದ್ಧದ ಕೂಟಕ್ಕೆ ಸೇರಬಹುದು. ಕೂಟದ ಒಬ್ಬ ಯುದ್ಧ ಸಾರಿದರೆ ಎಲ್ಲರೂ ಬರುತ್ತಾರೆ. ಸಿಟ್ಟು ಇಳಿಯುವುದು ವರ್ಷಕ್ಕೆ ಸುಮಾರು ಎರಡು ಅಂಕ ಮಾತ್ರ. ಸಂಧಿ ಕಳಿಸುವ ಮೊದಲೇ ಯಾರಿಗೆ ಎಷ್ಟು ಸಿಟ್ಟು ಏರುತ್ತದೆ ಎಂದು ಪುಟದಲ್ಲೇ ಕಾಣುತ್ತದೆ, ಒಂದೊಂದು ಊರು ಸೇರಿಸುತ್ತಾ ತೆಗೆಯುತ್ತಾ ನೋಡಿ.

ಈ ನಿಯಮವನ್ನು ಆಟದವರು ತಾಳೀಕೋಟೆ ನೋಡಿ ಬರೆದರೇನೋ ಎನಿಸುತ್ತದೆ. 1520ರ ಗೆಲುವಿನ ನಂತರ ಆದಿಲ್ ಶಾಹ ಬಂದು ತನ್ನ ಪಾದಕ್ಕೆ ಮುತ್ತಿಡಬೇಕೆಂದು ಕೃಷ್ಣದೇವರಾಯ ಕೇಳಿದನೆಂದು ನುನಿಜ್ ಹೇಳುತ್ತಾನೆ. ಮುಂದೆ ರಾಮರಾಯ ಇವತ್ತು ಬಿಜಾಪುರದ ಪರ ಅಹಮದ್‌ನಗರದ ಮೇಲೆ, ನಾಳೆ ಇನ್ನೊಬ್ಬರ ಪರ ಮತ್ತೊಬ್ಬರ ಮೇಲೆ ಎಂದು ನಾಲ್ಕೂ ಕಡೆ ಕೈಯಾಡಿಸಿದ. ಅವರವರಲ್ಲೇ ಹೊಂದದಿದ್ದ ಅಹಮದ್‌ನಗರ, ಬಿಜಾಪುರ, ಗೋಲ್ಕೊಂಡ, ಬೀದರ್ ಕೂಡಿ ಬಂದವು. ಗೋಲ್ಕೊಂಡದ ಇಬ್ರಾಹಿಂ ಕುತುಬ್ ಶಾಹ ಅಂತೂ ಮೊದಲು ವಿಜಯನಗರದಲ್ಲೇ ಆಶ್ರಯ ಪಡೆದು ಬಾಳಿದ್ದವನು. 1565ರ ಜನವರಿ 23ರಂದು ರಾಮರಾಯ ರಣರಂಗದಲ್ಲೇ ತಲೆ ಕೊಟ್ಟ. ರಾಜಧಾನಿ ಪೆನುಕೊಂಡೆಗೆ ಹೋಯಿತು, ರಾಯಚೂರು ಮತ್ತು ಮುದಗಲ್ಲು ಬಿಜಾಪುರಕ್ಕೆ.

ಹಾಗಾಗಿ ಹೀಗೆ ಮಾಡಿ. ಬಹಮನಿಯ ಮೇಲಿನ ಮೊದಲ ಯುದ್ಧದಲ್ಲಿ ಕೃಷ್ಣೆಯ ಈಚೆಗಿನ ನೆಲ ಮತ್ತು ಕೋಟೆ ಇರುವ ಒಂದು ಊರು ತೆಗೆದುಕೊಳ್ಳಿ. ಉಳಿದ ಅಂಕಕ್ಕೆ ಹಣ ಕೇಳಿ, ಅವರ ಮೈತ್ರಿ ಮುರಿಸಿ. ಇವಕ್ಕೆ ಸಿಟ್ಟು ಏರುವುದಿಲ್ಲ. ಸಂಧಿಯಾದ ಮೇಲೆ ಎಷ್ಟು ಕಿತ್ತುಕೊಂಡಿರಿ ಎಂಬುದರ ಮೇಲೆ 5ರಿಂದ 15 ವರ್ಷದ ಕದನವಿರಾಮ ಇರುತ್ತದೆ. ಅದನ್ನು ಮುರಿದರೆ ಸ್ಥಿರತೆ ಐದು ಮೆಟ್ಟಿಲು ಬೀಳುತ್ತದೆ, ಆ ದಾರಿಯೇ ಬೇಡ. ವಿರಾಮದಲ್ಲಿರುವವನು ನಿಮ್ಮ ವಿರುದ್ಧದ ಕೂಟ ಸೇರಲಾರ ಎಂಬುದೂ ನೆನಪಿರಲಿ. ಉತ್ತರಕ್ಕೊಂದು ಯುದ್ಧ, ಆ ವಿರಾಮದಲ್ಲಿ ಪೂರ್ವಕ್ಕೆ ಗಜಪತಿಯ ಮೇಲೆ ಒಂದು, ಆಮೇಲೆ ತೆಂಕಣಕ್ಕೆ ಒಂದು. ಹೀಗೆ ಸುತ್ತು ಹಾಕಿದರೆ ಯಾವ ದಿಕ್ಕಿನಲ್ಲೂ ಸಿಟ್ಟು ಉಕ್ಕುವಷ್ಟು ಏರುವುದಿಲ್ಲ.

ಗೆದ್ದದ್ದನ್ನು ಅರಗಿಸಿಕೊಳ್ಳುವುದು

ಭೂಪಟದಲ್ಲಿ ಬಣ್ಣ ಬದಲಾದ ಮಾತ್ರಕ್ಕೆ ನೆಲ ನಿಮ್ಮದಾಗಲಿಲ್ಲ. ಆಡಳಿತದ ಅಂಕ ಸುರಿದು ಅದನ್ನು ಕೋರ್ ಮಾಡಿಕೊಳ್ಳಬೇಕು, ಸಾಮಾನ್ಯವಾಗಿ ಮೂರು ವರ್ಷ ಹಿಡಿಯುತ್ತದೆ. ಊರು ಎಷ್ಟು ಬೆಳೆದಿದೆಯೋ ಅಷ್ಟು ಖರ್ಚು. ಕೋರ್ ಆಗದ ನೆಲದ ಮೊತ್ತ ಅತಿವಿಸ್ತಾರ ಎಂಬ ಶೇಕಡಾವಾರಿನಲ್ಲಿ ಕಾಣುತ್ತದೆ. ಅದು 100 ದಾಟಿದರೆ ಎಲ್ಲ ಮೂಲೆಯಲ್ಲೂ ದಂಗೆ, ಕೆಟ್ಟ ಸುದ್ದಿಯ ಸುರಿಮಳೆ. ಸಂಧಿಗೆ ಕೂರುವ ಮೊದಲು ಆಡಳಿತದ ಅಂಕ ಎಷ್ಟಿದೆ ನೋಡಿ, ಅಷ್ಟೇ ಕೇಳಿ.

ಅಂಕ ಸಾಲದಿದ್ದರೆ ಸಾಮಂತರ ದಾರಿ ಇದೆ. ಅಲ್ಲಿಯ ಒಂದು ಸಣ್ಣ ರಾಜ್ಯವನ್ನು ಸಾಮಂತನನ್ನಾಗಿ ಎಬ್ಬಿಸಿ, ಗೆದ್ದ ಊರುಗಳನ್ನು ಅವನಿಗೆ ಕೊಡಿಸಿ. ಕೋರ್ ಮಾಡುವ ತಲೆನೋವು ಅವನದು, ಯುದ್ಧಕ್ಕೆ ಅವನ ಸೈನ್ಯ ನಿಮ್ಮ ಜೊತೆಗೆ. ಹತ್ತು ವರ್ಷ ಕಳೆದ ಮೇಲೆ ರಾಜತಂತ್ರದ ಅಂಕ ಕೊಟ್ಟು ಒಳಗೆ ಸೇರಿಸಿಕೊಳ್ಳಬಹುದು. ಅವನನ್ನು ಅತಿಯಾಗಿ ಕೊಬ್ಬಿಸಬೇಡಿ, ಸ್ವಾತಂತ್ರ್ಯದ ಹಂಬಲ 50 ದಾಟಿದರೆ ಮಾತು ಕೇಳುವುದಿಲ್ಲ. ರಾಜ್ಯಕ್ಕೆ ಕಾಯಂ ಲಾಭ ಕೊಡುವ ಐಡಿಯಾ ಗುಂಪುಗಳಲ್ಲಿ ಮೊದಲನೆಯದು ತೆರೆದಾಗ ಯುವಕರೆಲ್ಲ ಸೇನೆಯದನ್ನು ಒತ್ತುತ್ತಾರೆ. ನಾನು ಹೇಳುವುದು ಆಡಳಿತದ್ದು: ಅದರಲ್ಲಿ ಕೋರ್ ಖರ್ಚು ಕಾಲು ಭಾಗ ಇಳಿಯುತ್ತದೆ.

ದೋಆಬ್ ಮತ್ತು ದಖನ್ನಿನ ಊರುಗಳು ಬಹಮನಿಯ ಕೈಯಲ್ಲಿದ್ದರೂ ಆಟದಲ್ಲಿ ಬಹುತೇಕ ಹಿಂದೂ ಎಂದೇ ಗುರುತಾಗಿವೆ, ಆದ್ದರಿಂದ ನಿಮಗೆ ಮತದ ಕಿರಿಕಿರಿ ಕಡಿಮೆ. ಆದರೂ ಒಂದು ಸಣ್ಣ ಪಡೆಯನ್ನು ಅಲ್ಲಿ ನಿಲ್ಲಿಸಿ. ಊರಿನ ಮೇಲೆ ಅಶಾಂತಿಯ ಅಂಕಿ ಇಳಿಯುವ ತನಕ ಮುಂದಿನ ಯುದ್ಧದ ಮಾತು ಬೇಡ.

ಹಡಗುಗಳು ಕಂಡಾಗ

1450ರ ನಂತರ ಆಟದಲ್ಲಿ ಇಟಲಿಯಲ್ಲಿ ರಿನೈಸಾನ್ಸ್ ಎಂಬ ಹೊಸ ವಿಚಾರದ ಅಲೆ ಹುಟ್ಟುತ್ತದೆ. ಅದು ನಿಮ್ಮ ತನಕ ನಡೆದು ಬರುವಷ್ಟರಲ್ಲಿ ತಂತ್ರಜ್ಞಾನದ ಬೆಲೆ ವರ್ಷ ವರ್ಷ ಏರುತ್ತಾ ಹೋಗುತ್ತದೆ. ಕಾಯುತ್ತಾ ಕೂರಬೇಡಿ. ಮೂರು ಬಗೆಯ ಅಂಕವನ್ನೂ ಕೂಡಿಟ್ಟು ಒಂದೇ ಊರಿನ ಮೇಲೆ ಸುರಿದು ಬೆಳೆಸಿದರೆ ಅದು ಅಲ್ಲೇ ಮೊಳೆಯುತ್ತದೆ. ರಾಜಧಾನಿಯ ಬಯಲಿನಲ್ಲಿ, ಬೆಳೆಸುವ ಖರ್ಚು ಕಡಿಮೆ ಇರುವ ಊರಿನಲ್ಲಿ ಮಾಡಿ. ಮುಂದೆ 1500, 1550, 1600 ಎಂದು ಐವತ್ತು ವರ್ಷಕ್ಕೊಂದು ಇಂಥ ಅಲೆ ಬರುತ್ತಲೇ ಇರುತ್ತದೆ, ಉಪಾಯ ಇದೇ.

ಪೋರ್ಚುಗೀಸರು ನಿಜದಲ್ಲಿ 1498ಕ್ಕೆ ಕಲ್ಲಿಕೋಟೆಗೆ ಬಂದರು, 1510ಕ್ಕೆ ಗೋವಾ ಹಿಡಿದರು. ಆಟದಲ್ಲಿ ತಾರೀಖು ಆಚೀಚೆ ಆಗುತ್ತದೆ, ಬರುವುದೇನೋ ಬರುತ್ತಾರೆ. ಕರಾವಳಿಯ ಸಣ್ಣ ರಾಜ್ಯಗಳು ಅವರ ಕೈಗೆ ಸುಲಭದ ತುತ್ತು. ಅವರಿಗಿಂತ ಮುಂಚೆ ಪಡುವಣ ತೀರ ನಿಮ್ಮದಾಗಿದ್ದರೆ ಅರ್ಧ ತಲೆನೋವು ಕಳೆಯಿತು. ಮೊದಲು ತೆಂಕಣಕ್ಕೆ ಹೋಗಿ ಎಂದದ್ದಕ್ಕೆ ಇದೂ ಒಂದು ಕಾರಣ.

ಕೂಡಿ ಆಡುವವರಿಗೆ

ಒಬ್ಬ ವಿಜಯನಗರ, ಇನ್ನೊಬ್ಬ ಬಹಮನಿ ಹಿಡಿದು ಕೂತರೆ ಈ ಆಟದ ಮಜವೇ ಬೇರೆ. ಕಂಪ್ಯೂಟರ್ ನಡೆಸುವ ಸುಲ್ತಾನನನ್ನು ಹೊಳೆ ದಾಟಿಸಿ ಬಲೆಗೆ ಕೆಡವಬಹುದು, ಎದುರಿಗಿರುವ ದೋಸ್ತ್ ಹಾಗೆ ಬರುವುದಿಲ್ಲ. ಎಲ್ಲರಿಗೂ ಗಡಿಯಾರ ಒಂದೇ ಆದ್ದರಿಂದ ಮೊದಲೇ ಮಾತಾಡಿಕೊಳ್ಳಿ: ವೇಗ ಎಷ್ಟು, ಗಡಿಯಾರ ನಿಲ್ಲಿಸುವ ಪಾಸ್ ಯಾರು ಯಾವಾಗ ಒತ್ತಬಹುದು. ಇಲ್ಲದಿದ್ದರೆ ಪ್ರತಿ ಕಾಳಗದ ನಡುವೆ "ಲೇ, ಪಾಸ್ ಯಾಕ ಒತ್ತಿದಿ?", "ತಡಿಯೋ ಮಾರಾಯ, ಕ್ವಾಟಿ ನೋಡಾಕತ್ತೀನಿ" ಎಂಬ ಜಗಳವೇ ಆಗಿ, ದೋಆಬ್ ಪಕ್ಕಕ್ಕುಳಿಯುತ್ತದೆ. ಮೊದಲ ಇಪ್ಪತ್ತೈದು ವರ್ಷ ಆಟಗಾರರು ಪರಸ್ಪರ ಹೊಡೆಯುವಂತಿಲ್ಲ ಎಂದು ನಿಯಮ ಮಾಡಿದರೆ ಹೊಸಬರೂ ಕಾಲೂರುತ್ತಾರೆ. ಮೂರನೆಯವನು ಸಿಕ್ಕರೆ ಅವನಿಗೆ ಗಜಪತಿ ಕೊಡಿ. ಇಬ್ಬರೂ ಅವನ ಮೈತ್ರಿಗೆ ದುಂಬಾಲು ಬೀಳುತ್ತೀರಿ.

ಇದರ ಮುಂದಿನ ಆವೃತ್ತಿ 2025ರ ನವೆಂಬರ್‌ನಲ್ಲಿ ಬಂದಿದೆ. ಅದು 1337ರಿಂದ ಶುರು, ಅಂದರೆ ಹಕ್ಕ-ಬುಕ್ಕರ ರಾಜ್ಯ ಆನೆಗೊಂದಿಯ ಎದುರು ದಡದಲ್ಲಿ ಆಗಷ್ಟೇ ಕಣ್ಣು ಬಿಡುತ್ತಿರುವ ಹೊತ್ತು. ಅದಕ್ಕೆ ಹೊಸ, ಬಲವಾದ ಕಂಪ್ಯೂಟರ್ ಬೇಕು. ನಾಲ್ಕನೆಯದನ್ನು ಒಂದು ಸುತ್ತು ಆಡಿ, ಮೊದಲು ವಿಜಯನಗರದಿಂದ, ಆಮೇಲೆ ಬೀದರಿನಿಂದ, ಅದರ ಮೇಲೆ ಹಣ ಹಾಕುವ ವಿಚಾರ ಮಾಡಿ.